ದೇವದುರ್ಗದ ಹತ್ತೊಂಬತ್ತು ಬಳ್ಳಿಗಳು

ರಾಯಚೂರು
12 ಫೆಬ್ರುವರಿ 2024

ದಿಲ್ಶಾದ್ ಸಿಸ್ಟರ್ ಅವರಿಗೆ ನಮಸ್ಕಾರಗಳು.

ನಾನು ಶಿವಗಂಗಾ, ರಾಯಚೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಊರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿ. ನಿಮಗೆ ಮೂರು ಸಲ ಫೋನ್ ಮಾಡಿದೆ. ಹೆರಿಗೆ ಕೋಣೆಯೊಳಗೆ ನೀವು ಫೋನ್ ಇಟ್ಟುಕೊಳ್ಳುವುದಿಲ್ಲ ಎಂದು ನಿಮ್ಮ ಡಾಕ್ಟರು ಹೇಳಿದರು. ಅದಕ್ಕೆ ಈ ಐಸ್ ಪೆಟ್ಟಿಗೆಯೊಳಗೇ ಕಾಗದ ಇಟ್ಟು ಕಳಿಸುತ್ತಿದ್ದೇನೆ.

ನಮಗೆ ಬೇಕಾಗಿರುವುದು ಹೊಕ್ಕುಳಬಳ್ಳಿ. ಒಂದು ಗೇಣು ಉದ್ದವಿದ್ದರೆ ಸಾಕು. ತಾಯಿಯ ಒಪ್ಪಿಗೆಯ ಕಾಗದ ಜೊತೆಗಿರಬೇಕು. ಬಳ್ಳಿ ಕತ್ತರಿಸಿದ ಹೊತ್ತು ಮತ್ತು ಪೆಟ್ಟಿಗೆ ಹೊರಟಾಗ ಒಳಗಿನ ಉಷ್ಣತೆ, ಇವೆರಡನ್ನು ತಪ್ಪದೆ ಬರೆಯಿರಿ. ಥರ್ಮಾಮೀಟರ್ ಪೆಟ್ಟಿಗೆಯಲ್ಲೇ ಇದೆ. ಹತ್ತು ಗಂಟೆಯ ಬಸ್ಸಿಗೆ ಕೊಟ್ಟರೆ ನಾನು ಇಲ್ಲಿ ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತೇನೆ. ಮಾನ್ವಿಯಿಂದ ಲಲಿತಾ ಸಿಸ್ಟರ್ ಈಗಾಗಲೇ ಕಳಿಸುತ್ತಿದ್ದಾರೆ.

ಇಂತಿ,
ಶಿವಗಂಗಾ


ದೇವದುರ್ಗ
14 ಫೆಬ್ರುವರಿ 2024

ಶಿವಗಂಗಾ ಮೇಡಂ ಅವರಿಗೆ,

ಮೊದಲ ಬಳ್ಳಿ ಕಳಿಸಿದ್ದೇನೆ. ಕತ್ತರಿಸಿದ್ದು ಬೆಳಿಗ್ಗೆ 7.40ಕ್ಕೆ. ಪೆಟ್ಟಿಗೆಯ ಒಳಗೆ 4 ಡಿಗ್ರಿ. ನೀವು ಕೇಳಿರಲಿಲ್ಲ, ಆದರೂ ಬರೆಯುತ್ತೇನೆ: ನಮ್ಮ ಕೋಣೆಯಲ್ಲಿ 27 ಇತ್ತು.

ಕೂಸಿನ ಅಜ್ಜಿ ಬೂದೆಮ್ಮ ಸುಲಭಕ್ಕೆ ಒಪ್ಪಲಿಲ್ಲ. "ಬಳ್ಳಿ ಕೊಡಂಗಿಲ್ಲವ್ವಾ, ನಮ್ಮ ಮಂದ್ಯಾಗ ಅದನ್ನ ಹಿತ್ತಲದಾಗ ಹೂಳ್ತೀವಿ" ಅಂದಳು.

"ಕೂಸಿನ ಹಿಂದ ಬೀಳೋ ಕಸ ಪೂರಾ ನೀವ ಒಯ್ರಿ. ಬಳ್ಳಿ ಒಂದು ಗೇಣು ಸಾಕು" ಅಂದೆ.

"ಅದರಾಗ ಏನ್ ನೋಡ್ತಾರ?"

"ರಕ್ತ ಹೆಂಗ ಹಾದಿ ಹಿಡೀತದ ಅಂತ ನೋಡ್ತಾರ."

"ಹಂಗಾರ ನಮ್ಮ ಕೂಸಿನ ಹೆಸರು ಬರೀಬ್ಯಾಡ್ರಿ, ದೃಷ್ಟಿ ಆಗ್ತದ" ಎಂದಳು. ಆಮೇಲೆ ತಾಯಿ ಸಹಿ ಹಾಕಿದಳು. ಆದ್ದರಿಂದ ಹೆಸರಿಲ್ಲ, ಬರೀ ನಂಬರ್ ಹಾಕಿದ್ದೇನೆ.

ಬೂದೆಮ್ಮನಿಗೆ ನಾನು ಹೇಳಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಇದರಲ್ಲಿ ನೀವು ನೋಡುವುದಾದರೂ ಏನು ಎಂದು ಬರೆದು ತಿಳಿಸಿ. ಇನ್ನೊಬ್ಬಳು ಕೇಳಿದಾಗ ಸುಳ್ಳು ಹೇಳಬಾರದು.

ದಿಲ್ಶಾದ್


ರಾಯಚೂರು
4 ಮಾರ್ಚ್ 2024

ದಿಲ್ಶಾದ್ ಸಿಸ್ಟರ್,

ಬೂದೆಮ್ಮನಿಗೆ ನೀವು ಹೇಳಿದ್ದು ನಾನು ಹೇಳಬಹುದಾಗಿದ್ದಕ್ಕಿಂತ ಚೆನ್ನಾಗಿದೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಕಾಣಿಸುವುದನ್ನು ಕಂಡೇ ಬರೆಯೋಣ ಎಂದು ಕಾದೆ.

ನಮ್ಮ ಮೈಯ ಎಲ್ಲ ರಕ್ತನಾಳಗಳ ಒಳಗೋಡೆಗೂ ಒಂದೇ ಪದರವಾಗಿ ಕೋಶಗಳು ಹಾಸಿಕೊಂಡಿರುತ್ತವೆ. ನಾಳ ಹಿಗ್ಗಬೇಕೇ, ಕುಗ್ಗಬೇಕೇ ಎಂದು ತಿಳಿಸುವುದರಲ್ಲಿ ಇವುಗಳದೇ ದೊಡ್ಡ ಪಾಲು. ಹೊರಗಿನಿಂದ ಸುದ್ದಿ ಬಂದಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕೆಲಸ ಮುಗಿದ ಮೇಲೆ ಕೋಶ ಅದನ್ನು ಪಂಪು ಮಾಡಿ ಇಳಿಸಿಬಿಡುತ್ತದೆ. ನೀವು ಕಳಿಸಿದ ಬಳ್ಳಿಯಿಂದ ಆ ಕೋಶಗಳನ್ನು ಬಿಡಿಸಿ, ಐದು ದಿನ ಬೆಚ್ಚಗಿಟ್ಟು ಬೆಳೆಸುತ್ತೇನೆ. ಆಮೇಲೆ ಕ್ಯಾಲ್ಸಿಯಂ ಸೋಕಿದರೆ ಬೆಳಗುವ ಒಂದು ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತೇನೆ.

ಮೊನ್ನೆ ನೋಡಿದೆ, ಸಿಸ್ಟರ್. ಕತ್ತಲಲ್ಲಿ ಒಂದು ಕೋಶ ಹಸಿರಾಗಿ ಹೊತ್ತಿಕೊಂಡು ಆರಿತು. ಮತ್ತೆ ಹೊತ್ತಿತು. ನಮ್ಮಪ್ಪನ ಕುರಿಗಳು ಉರಿಬಿಸಿಲಲ್ಲಿ ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿ ನಿಲ್ಲುತ್ತವೆ. ಚಿಕ್ಕಂದಿನಲ್ಲಿ ಅದನ್ನು ಗಂಟೆಗಟ್ಟಲೆ ನೋಡುತ್ತಿದ್ದೆ. ಅಷ್ಟೇ ತನ್ಮಯಳಾಗಿ ಇದನ್ನು ನೋಡಿದೆ.

ಶಿವಗಂಗಾ


ದೇವದುರ್ಗ
9 ಮಾರ್ಚ್ 2024

ಶಿವಗಂಗಾ ಮೇಡಂ,

ನಿಮ್ಮ ಕಾಗದವನ್ನು ವಾರ್ಡಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ನಮ್ಮ ಆಯಾ ಭೀಮವ್ವ, "ಹಂಗಾರ ಮೈಯೊಳಗ ದೀಪಾವಳಿನ ಅದ ಅನ್ರಿ" ಎಂದಳು. ಅಲ್ಲಿ ಮಲಗಿದ್ದ ಇಬ್ಬರು ಬಾಣಂತಿಯರು ನಕ್ಕರು.

ಈಗ ಕೇಳುವುದು ಸುಲಭವಾಗಿದೆ. ನಾಲ್ವರಲ್ಲಿ ಮೂವರು ಒಪ್ಪುತ್ತಾರೆ. ಒಪ್ಪದವರನ್ನು ಎರಡನೆಯ ಸಲ ಕೇಳುವುದಿಲ್ಲ. ಅದರಿಂದ ನಿಮಗೆ ಕಡಿಮೆ ಬಂದರೆ ನನ್ನನ್ನು ಬೈಯಿರಿ, ಅವರನ್ನಲ್ಲ.

ಇವತ್ತಿನದು ಎಂಟನೆಯ ಬಳ್ಳಿ. 6.15ಕ್ಕೆ ಕತ್ತರಿಸಿದ್ದು. ಪೆಟ್ಟಿಗೆ 5 ಡಿಗ್ರಿ, ಕೋಣೆ 31.

ದಿಲ್ಶಾದ್


ರಾಯಚೂರು
2 ಏಪ್ರಿಲ್ 2024

ದಿಲ್ಶಾದ್ ಸಿಸ್ಟರ್ ಅವರಿಗೆ,

ಒಂದು ವಿಷಯ ಕೇಳಲೇಬೇಕಾಗಿದೆ.

ಮಾನ್ವಿಯ ಬಳ್ಳಿಗಳ ಕೋಶಗಳು ಒಂದು ರೀತಿ ನಡೆದುಕೊಳ್ಳುತ್ತಿವೆ, ದೇವದುರ್ಗದವು ಇನ್ನೊಂದು ರೀತಿ. ಮಾನ್ವಿಯವುಗಳಲ್ಲಿ ಕ್ಯಾಲ್ಸಿಯಂ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ನಿಮ್ಮವುಗಳಲ್ಲಿ ತಟ್ಟನೆ ಏರಿ, ತಟ್ಟನೆ ಇಳಿದು, ಮತ್ತೆ ಮತ್ತೆ ಮಿನುಗುತ್ತದೆ. ಎರಡೂ ಕಡೆ ಆರೋಗ್ಯವಂತ ತಾಯಂದಿರೇ. ಇಷ್ಟು ವ್ಯತ್ಯಾಸ ಬರಬಾರದು.

ಪೆಟ್ಟಿಗೆ ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ಇರುತ್ತದೆಯೇ? ಯಾರ ಕೈಯಲ್ಲಿ ಕಳಿಸುತ್ತೀರಿ? ಉಷ್ಣತೆಯನ್ನು ಹೊರಡುವ ಹೊತ್ತಿಗೇ ನೋಡಿ ಬರೆಯುತ್ತೀರೋ ಅಥವಾ ಆಮೇಲೆ ನೆನಪಿನಿಂದಲೋ? ದಯವಿಟ್ಟು ತಿಳಿಸಿ.

ಶಿವಗಂಗಾ


ದೇವದುರ್ಗ
5 ಏಪ್ರಿಲ್ 2024

ಶಿವಗಂಗಾ ಮೇಡಂ ಅವರಿಗೆ,

ನೀವು ಕೇಳಿದ್ದಕ್ಕೆ ಉತ್ತರ. ಹತ್ತೊಂಬತ್ತು ಪೆಟ್ಟಿಗೆಗಳ ಪಟ್ಟಿಯನ್ನು ಇನ್ನೊಮ್ಮೆ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಯಾವ ಪೆಟ್ಟಿಗೆಯೂ 6 ಡಿಗ್ರಿ ದಾಟಿಲ್ಲ. ಪೆಟ್ಟಿಗೆ ಬಿಸಿಲಿಗೆ ಇರುವುದಿಲ್ಲ.

ಈಗ ನನ್ನದೊಂದು ಪ್ರಶ್ನೆ. ನಮ್ಮ ಕೋಣೆಯ ಉಷ್ಣತೆಯನ್ನು ನೀವು ಕೇಳದಿದ್ದರೂ ಹತ್ತೊಂಬತ್ತು ಸಲ ಬರೆದಿದ್ದೇನೆ. ನಿಮ್ಮ ಕೋಣೆಯ ಉಷ್ಣತೆ ಎಷ್ಟು ಎಂದು ನೀವು ಒಮ್ಮೆಯೂ ಬರೆದಿಲ್ಲ. ಕೋಶಗಳನ್ನು ನೋಡುವಾಗ ಅವು ಎಷ್ಟು ಬೆಚ್ಚಗಿರುತ್ತವೆ?

ಇಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರವಿದೆ. ಅದರ ಪರದೆ 36 ಎಂದು ತೋರಿಸುತ್ತಿರುತ್ತದೆ, ಕೂಸಿನ ಪಾದ ಮುಟ್ಟಿದರೆ ತಣ್ಣಗಿರುತ್ತದೆ. ಹೊಸದಾಗಿ ಬರುವ ಸಿಸ್ಟರ್‌ಗಳಿಗೆ ನಾನು ಹೇಳುವುದು ಇಷ್ಟೇ: ಯಂತ್ರ ನೋಡಬೇಡಿ, ಕೂಸನ್ನು ಮುಟ್ಟಿ.

ದಿಲ್ಶಾದ್


ರಾಯಚೂರು
16 ಏಪ್ರಿಲ್ 2024

ದಿಲ್ಶಾದ್ ಅಕ್ಕಾ,

ಹೀಗೆ ಕರೆಯಬಹುದೇ? ಇನ್ನು ಮೇಲೆ ಮೇಡಂ ಎಂದು ನನ್ನನ್ನು ಕರೆದರೆ ನಾಚಿಕೆಯಾಗುತ್ತದೆ.

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಸಣ್ಣ ತಂತಿಯಂಥ ಥರ್ಮಾಮೀಟರನ್ನು ಹುಡುಕಿ, ಕೋಶಗಳಿರುವ ಗಾಜಿನ ತಟ್ಟೆಯ ನೀರಿಗೇ ಇಳಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ 25. ಮಧ್ಯಾಹ್ನ ಎರಡೂವರೆಗೆ 34.

ನಮ್ಮ ಸೂಕ್ಷ್ಮದರ್ಶಕಕ್ಕೆ ಬೆಚ್ಚಗಿಡುವ ವ್ಯವಸ್ಥೆಯಿಲ್ಲ. ಕೋಣೆಯ ಎ.ಸಿ. ಮಧ್ಯಾಹ್ನದ ಹೊತ್ತಿಗೆ ಬರೀ ಸದ್ದು ಮಾಡುತ್ತದೆ. ಮಾನ್ವಿಯ ಪೆಟ್ಟಿಗೆ ಎಂಟೂವರೆಗೇ ಬರುತ್ತದೆ, ಐದು ದಿನವೂ ಆ ಹೊತ್ತಿಗೇ ತುಂಬುತ್ತದೆ, ಅದಕ್ಕೆ ಆ ತಟ್ಟೆಗಳಿಗೆ ಬೆಳಗಿನ ಸರದಿ ಕೊಟ್ಟಿದ್ದೆ. ನಿಮ್ಮದು ಮಧ್ಯಾಹ್ನ ಬರುತ್ತದೆ, ಅವಕ್ಕೆ ಊಟದ ನಂತರದ ಸರದಿ. ಎರಡು ತಿಂಗಳಿಂದ ಅದೇ ಕ್ರಮದಲ್ಲಿ ನೋಡುತ್ತಾ ಬಂದಿದ್ದೆ. ಹೋದ ವಾರ ಸರದಿ ಅದಲುಬದಲು ಮಾಡಿದೆ. ಮಾನ್ವಿಯ ಕೋಶಗಳು ತಟತಟನೆ ಮಿನುಗಿದವು, ದೇವದುರ್ಗದವು ನಿಧಾನವಾದವು!

ವ್ಯತ್ಯಾಸ ತಾಯಂದಿರದಲ್ಲ, ಊರಿನದಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ. ಬಿಸಿಯದು. ಪುಸ್ತಕದಲ್ಲಿ "ಕೋಣೆಯ ಉಷ್ಣತೆಯಲ್ಲಿ ನೋಡಿ" ಎಂದು ಬರೆದಿರುತ್ತಾರೆ. ಯಾವ ಊರಿನ ಕೋಣೆ ಎಂದು ನಾನು ಕೇಳಲಿಲ್ಲ. ನೀವು ಕೇಳಿದಿರಿ.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಮಾರ್ಚ್ ಕೊನೆಯಲ್ಲೇ ನಮ್ಮ ಮಾರ್ಗದರ್ಶಕರಾದ ಹನುಮೇಶ ಸರ್, "ದೇವದುರ್ಗದ್ದು ಬಿಟ್ಟುಬಿಡವ್ವಾ, ಆ ಸಿಸ್ಟರ್ ಎಲ್ಲೋ ಬಿಸಿಲಾಗ ಪೆಟಗಿ ಇಟ್ಟಿರ್ತಾರ" ಎಂದಿದ್ದರು. ನಾನು ಅಲ್ಲ ಎನ್ನಲಿಲ್ಲ. ನಿಮ್ಮ ಹತ್ತೊಂಬತ್ತೂ ಬಳ್ಳಿಗಳ ಮುಂದೆ "ಸಂಶಯ" ಎಂದು ಕೆಂಪು ಶಾಯಿಯಲ್ಲಿ ಬರೆದು ಪಕ್ಕಕ್ಕಿಟ್ಟೆ. ನಿಮ್ಮನ್ನು ಪ್ರಶ್ನೆ ಕೇಳುವ ಮೊದಲೇ ತೀರ್ಪು ಕೊಟ್ಟಾಗಿತ್ತು. ಕ್ಷಮಿಸಿ.

ಈಗ ಎರಡೂ ಊರಿನ ಬಳ್ಳಿಗಳನ್ನಿಟ್ಟು, ಬಿಸಿಯನ್ನು ನಾವೇ ಹಿಡಿತದಲ್ಲಿಟ್ಟುಕೊಂಡು, 25ರಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ನೋಡಬೇಕೆಂದಿದ್ದೇನೆ. ಮುಂಚೆಗಿಂತ ಹೆಚ್ಚು ಬಳ್ಳಿಗಳು ಬೇಕು.

ನಿಮ್ಮ
ಶಿವಗಂಗಾ


ದೇವದುರ್ಗ
29 ಏಪ್ರಿಲ್ 2024

ಶಿವಗಂಗಾ ಅವರಿಗೆ,

ಈ ಸಲ ಬಳ್ಳಿ ಇಲ್ಲ. ಐಸ್ ಬೇರೆ ಕೆಲಸಕ್ಕೆ ಬೇಕಾಯಿತು. ಪೆಟ್ಟಿಗೆ ಖಾಲಿ ಕಳಿಸಿದ್ದೇನೆ.

ದಿಲ್ಶಾದ್


ರಾಯಚೂರು
4 ಮೇ 2024

ದಿಲ್ಶಾದ್ ಅಕ್ಕಾ,

ನಿಮ್ಮ ಎರಡು ಸಾಲು ಓದಿದೆ. ಅಕ್ಕ ಎಂದು ಕರೆದಿದ್ದಕ್ಕೂ ಉತ್ತರವಿಲ್ಲ, ಕ್ಷಮೆ ಕೇಳಿದ್ದಕ್ಕೂ ಇಲ್ಲ. ನಿಮಗೆ ಬೇಸರವಾಗಿದೆ ಎಂದು ತಿಳಿಯಿತು. ಆಗಬೇಕಾದದ್ದೇ. ಆದರೆ ನನ್ನ ಮೇಲಿನ ಸಿಟ್ಟಿಗೆ ಕೆಲಸ ನಿಲ್ಲಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ಗುರುವಾರ ನಾನೇ ದೇವದುರ್ಗಕ್ಕೆ ಬಂದು ಎದುರಿಗೆ ಮಾತಾಡುತ್ತೇನೆ.

ಶಿವಗಂಗಾ


ರಾಯಚೂರು
10 ಮೇ 2024

ಅಕ್ಕಾ,

ನಿನ್ನೆ ನಾನು ದೇವದುರ್ಗಕ್ಕೆ ಬಂದೆ. ಕಷ್ಟದ ಹೆರಿಗೆಯೊಂದನ್ನು ಕರೆದುಕೊಂಡು ನೀವು ಆಂಬುಲೆನ್ಸಿನಲ್ಲಿ ರಾಯಚೂರಿಗೆ ಹೊರಟುಹೋಗಿದ್ದಿರಿ. ದಾರಿಯಲ್ಲಿ ಎಲ್ಲೋ ನಿಮ್ಮ ಗಾಡಿ ನಮ್ಮ ಬಸ್ಸನ್ನು ದಾಟಿರಬೇಕು.

ನೀವಿರಲಿಲ್ಲ, ಭೀಮವ್ವ ಇದ್ದಳು. ಐಸ್ ಎಲ್ಲಿಗೆ ಹೋಯಿತು ಎಂದು ನಾನು ಕೇಳಿದ್ದೇ ತಡ, ಕೈ ಹಿಡಿದು ಕೊನೆಯ ಹಾಸಿಗೆಯ ಹತ್ತಿರ ಕರೆದೊಯ್ದಳು. ಅಲ್ಲಿ ಯಮನಮ್ಮ ಹೆಣ್ಣುಕೂಸಿಗೆ ಹಾಲು ಕುಡಿಸುತ್ತಿದ್ದಳು.

"ಕೆರಿ ಹೂಳು ತೆಗಿಯಾಕ ಹೋಗಿದ್ನೆವ್ವಾ" ಎಂದಳು ಯಮನಮ್ಮ. "ಕೆಲಸ ನೋಡ್ಕೊಳ್ಳೋ ಮೇಟಿ ಕೂಡ್ರು ಅಂದಿದ್ದ, ನಾನ ಕೇಳ್ಲಿಲ್ಲ. ಎಲ್ಲಾರಿಗೂ ನೀರು ಕೊಡಾಕತ್ತಿದ್ದೆ. ಆಮ್ಯಾಲ ಏನೂ ನೆನಪಿಲ್ಲ."

ಉಳಿದದ್ದನ್ನು ಭೀಮವ್ವ ಹೇಳಿದಳು. "ಮಧ್ಯಾಹ್ನ ಎರಡಕ್ಕ ಹೊತ್ಕೊಂಡು ಬಂದ್ರು. ಮೈ ಕೆಂಪಗ, ಒಣಾ ಒಣಾ, ಒಂದು ಹನಿ ಬೆವರಿಲ್ಲ. ಏನೇನೋ ಬಡಬಡಿಸಾಕತ್ತಿದ್ಲು. ಜ್ವರದ ಕಡ್ಡಿ ನೂರಾ ಆರು ತೋರಿಸ್ತು. ಡಾಕ್ಟರ್ ಸಾಹೇಬ್ರು ಗ್ಲೂಕೋಸ್ ಹಚ್ಚೂದ್ರಾಗ ನಮ್ಮ ಸಿಸ್ಟರ್ ನಿಮ್ಮ ಪೆಟಗಿ ಬಿಚ್ಚಿದ್ರು. ಕುತ್ತಿಗಿಗಿ, ಕಂಕುಳಕ್ಕ, ತೊಡಿ ಸಂದ್ಯಾಗ ಐಸ್ ಇಟ್ರು. ನನ್ನ ಕೈಯಾಗ ಹಸಿ ಸೀರಿ ಕೊಟ್ಟು ಗಾಳಿ ಹೊಡಿ ಅಂದ್ರು. ತಾವು ಹೊಟ್ಟಿ ಮ್ಯಾಲ ಕೈ ಇಟ್ಕೊಂಡು ಕೂಸಿನ ಕೂಡ ಮಾತಾಡಾಕತ್ರು. ‘ತಡಿ ಮಗಾ, ನಿಮ್ಮವ್ವನ್ನ ತಣ್ಣಗ ಮಾಡಿ ಬರ್ತೀನಿ, ಅಲ್ಲಿತನಕ ತಡಿ’ ಅಂತ."

ಕೂಸು ತಡೆಯಿತು. ಮರುದಿನ ಬೆಳಿಗ್ಗೆ ಹುಟ್ಟಿತು. ಅದಾದ ಮೇಲೆ ನೀವು ನನಗೆ ಎರಡು ಸಾಲು ಬರೆದಿರಿ. ಅದನ್ನು ನಾನು ಸಿಟ್ಟು ಎಂದು ಓದಿದೆ.

ಬಳ್ಳಿ ಯಾಕೆ ಕಳಿಸಲಿಲ್ಲ ಎಂದೂ ಭೀಮವ್ವನನ್ನು ಕೇಳಿದೆ. ಬಿಸಿಲು ಬಡಿದ ತಾಯಿಯ ಬಳ್ಳಿ ನಮ್ಮ ಕೆಲಸಕ್ಕೆ ಎಷ್ಟು ದೊಡ್ಡದು ಎಂಬುದು ನಿಮಗೆ ಗೊತ್ತಿರದೆ ಇರಲಿಲ್ಲ. ಅವಳು ಹೇಳಿದಳು: "ಆಕಿಗಿ ಇನ್ನಾ ಪೂರಾ ಎಚ್ಚರ, ಖಬರ್ ಇರ್ಲಿಲ್ಲವ್ವಾ. ಖಬರ್ ಇಲ್ದಾಕಿನ್ನ ಹೆಂಗ ಕೇಳೋದು ಅಂದ್ರು ಸಿಸ್ಟರ್. ಅತ್ತಿ ಒಯ್ರಿ ಅಂದ್ಲು, ಆದ್ರೂ ಒಯ್ಲಿಲ್ಲ."

ಹಿಂದಿರುಗುವಾಗ ನಿಲ್ದಾಣದವರೆಗೂ ಅವಳು ಜೊತೆಗೆ ಬಂದಳು. ಪ್ರತಿ ಪೆಟ್ಟಿಗೆಯನ್ನೂ ಡ್ಯೂಟಿ ಮುಗಿಸಿ ನೀವೇ ನಡೆದು ತಂದುಕೊಡುತ್ತೀರಂತೆ. ಛತ್ರಿ ಪೆಟ್ಟಿಗೆಯ ಮೇಲೆ, ನಿಮ್ಮ ತಲೆಯ ಮೇಲೆ ಬರೀ ಸೆರಗು. ಪೆಟ್ಟಿಗೆ ಬಿಸಿಲಿಗಿರುತ್ತದೆಯೇ ಎಂದು ನಾನು ಕೇಳಿದಾಗ ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದಾಗಿತ್ತು. ಯಾಕೆ ಬರೆಯಲಿಲ್ಲ, ಅಕ್ಕಾ?

ನಿಮ್ಮ
ಶಿವಗಂಗಾ


ದೇವದುರ್ಗ
14 ಮೇ 2024

ತಂಗಿ ಶಿವಗಂಗಾ,

ಭೀಮವ್ವನ ಬಾಯಿಗೆ ಬೀಗವಿಲ್ಲ. ಅವಳು ಹೇಳಿದ್ದರಲ್ಲಿ ಅರ್ಧ ನಿಜ. ಕೂಸಿನ ಜೊತೆ ಮಾತಾಡಿದ್ದು ಕೂಸಿಗಾಗಿ ಅಲ್ಲ, ನನ್ನ ಹೆದರಿಕೆಗಾಗಿ. ಆ ಎರಡು ದಿನ ನನಗೆ ಕಾಗದ ಬರೆಯುವಷ್ಟು ಶಕ್ತಿ ಉಳಿದಿರಲಿಲ್ಲ, ಅಷ್ಟೇ. ಸಿಟ್ಟು ಏಪ್ರಿಲ್ ಮೊದಲ ವಾರದಲ್ಲೇ ಮುಗಿದಿತ್ತು.

ಛತ್ರಿಯ ವಿಷಯ ಬರೆಯದೆ ಇದ್ದುದಕ್ಕೆ ಕಾರಣವಿದೆ. ನೀನು "ನೆನಪಿನಿಂದ ಬರೆಯುತ್ತೀರೋ" ಎಂದು ಕೇಳಿದ್ದೆ. ಆ ಮಾತು ಚುಚ್ಚಿತು, ಯಾಕೆಂದರೆ ಅದು ಒಂದು ಸಲದ ಮಟ್ಟಿಗೆ ನಿಜ. ಹನ್ನೊಂದನೆಯ ಪೆಟ್ಟಿಗೆಯ ದಿನ ಒಟ್ಟಿಗೆ ಮೂರು ಹೆರಿಗೆ. ಬಸ್ಸು ಹೊರಟು ನಿಂತಿತ್ತು. ಥರ್ಮಾಮೀಟರ್ ವಾರ್ಡಿನಲ್ಲೇ ಉಳಿದಿತ್ತು. ಪಟ್ಟಿಯಲ್ಲಿರುವ 5 ನಾನು ಅಳೆದದ್ದಲ್ಲ, ಅಂದಾಜು. ಎಲ್ಲ ಸರಿಯಿದೆ ಎಂದು ಜೋರಾಗಿ ಬರೆದ ಮೇಲೆ ಇದನ್ನು ಹೇಳಲು ಧೈರ್ಯ ಬರಲಿಲ್ಲ; ಇದನ್ನು ಮುಚ್ಚಿಟ್ಟು ಛತ್ರಿಯ ಬಡಾಯಿ ಬರೆಯಲು ಮನಸ್ಸೂ ಬರಲಿಲ್ಲ. ಅದನ್ನು ತೆಗೆದುಹಾಕು. ಹದಿನೆಂಟು ನಿನ್ನವು.

ಯಮನಮ್ಮ ಮನೆಗೆ ಹೋದಳು. ನನ್ನ ತಲೆಯಿಂದ ಒಂದು ಪ್ರಶ್ನೆ ಹೋಗುತ್ತಿಲ್ಲ. ಬಿಸಿ ಏರಿದಷ್ಟೂ ಕೋಶಗಳು ಚುರುಕಾಗುತ್ತವೆ ಎಂದು ನೀನು ಬರೆದೆ. ಹಾಗಾದರೆ ನೂರಾ ಆರಕ್ಕೆ, ಅಂದರೆ ನಿಮ್ಮ ಲೆಕ್ಕದ 41ಕ್ಕೆ, ಅವು ಇನ್ನೂ ಚುರುಕಾಗಿರಬೇಕಿತ್ತಲ್ಲ? ಅವಳ ಮೈ ಹಾಗೆ ಯಾಕೆ ಕೈಬಿಟ್ಟಿತು? ನೋಡಿ ಹೇಳು.

ದಿಲ್ಶಾದ್


ರಾಯಚೂರು
23 ಸೆಪ್ಟೆಂಬರ್ 2024

ಪ್ರೀತಿಯ ಅಕ್ಕಾ,

ನಾಲ್ಕು ತಿಂಗಳು ನಮ್ಮ ನಡುವೆ ಓಡಾಡಿದ್ದು ಬಳ್ಳಿ ಮತ್ತು ಚೀಟಿ ಮಾತ್ರ. ಈಗ ಉತ್ತರವಿದೆ, ನನ್ನ ತಟ್ಟೆಗಳ ಮಟ್ಟಿಗೆ.

ತಟ್ಟೆಯನ್ನು ಬೆಚ್ಚಗಿಡುವ ಸಾಧನವೊಂದನ್ನು ಕೊನೆಗೂ ಜೋಡಿಸಿಕೊಂಡೆವು. 25ರಲ್ಲಿ ಕೋಶಗಳು ನಿದ್ದೆಗಣ್ಣಿನಲ್ಲಿರುತ್ತವೆ. ಪಂಪುಗಳು ನಿಧಾನ, ಆದ್ದರಿಂದ ಏರಿದ ಕ್ಯಾಲ್ಸಿಯಂ ಇಳಿಯಲು ಬಹಳ ಹೊತ್ತು ಬೇಕು. 37ರಲ್ಲಿ ಏರುವುದು, ಇಳಿಯುವುದು ಎರಡೂ ಚುರುಕು. 39ರಲ್ಲಿ ಮಿನುಗು ಇನ್ನೂ ಬೇಗ. 41 ದಾಟಿದ ಮೇಲೆ, ಹೊತ್ತು ಕಳೆದಂತೆ, ಹಲವು ಕೋಶಗಳಲ್ಲಿ ಕ್ಯಾಲ್ಸಿಯಂ ಏರುತ್ತದೆ, ಆದರೆ ಇಳಿಯುವುದೇ ಇಲ್ಲ. ದೀಪ ಹೊತ್ತಿಕೊಂಡೇ ಉಳಿಯುತ್ತದೆ. ಆರದ ದೀಪದಲ್ಲಿ ಸುದ್ದಿಯೇ ಇಲ್ಲ, ಅಕ್ಕಾ. ಯಮನಮ್ಮನ ಮೈಯಲ್ಲಿ ಆದದ್ದು ಇದೇ ಎಂದು ಹೇಳಲಾರೆ. ಮೈ ತಟ್ಟೆಯಲ್ಲ. ಆದರೆ ಬೇಗನೆ ತಣ್ಣಗೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕೋಶಗಳು ಮತ್ತೆ ಆರಲು, ಹೊತ್ತಲು ಕಲಿಯುತ್ತವೆ. ತಡಮಾಡಿದರೆ ಇಲ್ಲ. ಅದನ್ನು ಕಂಡ ದಿನ ನಾನು ನೆನಸಿಕೊಂಡದ್ದು ನಿಮ್ಮ ಖಾಲಿ ಪೆಟ್ಟಿಗೆಯನ್ನು.

ಹನ್ನೊಂದನೆಯದನ್ನು ತೆಗೆದಿದ್ದೇನೆ. ಯಾಕೆ ತೆಗೆದೆವು ಎಂದೂ ಬರೆದಿದ್ದೇವೆ.

ಲೇಖನ ಸಿದ್ಧವಾಗುತ್ತಿದೆ. ಬರೆದವರ ಹೆಸರುಗಳಲ್ಲಿ ನಿಮ್ಮದೂ ಇರಬೇಕು ಎಂದೆ. ಹನುಮೇಶ ಸರ್, "ಕೊನಿಗಿ ಒಂದು ಕೃತಜ್ಞತಾ ಅಂದ್ರ ಸಾಕಲ್ಲ?" ಎಂದರು.

"ಸರ್, ಕೋಣಿ ಎಷ್ಟು ಬಿಸಿ ಅದ ಅಂತ ಕೇಳಿದವರು ಯಾರ್ರಿ? ನಲವತ್ತೊಂದರಾಗ ನೋಡು ಅಂದವರು ಯಾರ್ರಿ?" ಎಂದು ಕೇಳಿದೆ. ಅವರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಸರ್ ದೇವದುರ್ಗದ ಬಳ್ಳಿಗಳ ನನ್ನ ದಾಖಲೆಯನ್ನು ತಿರುವಿಹಾಕಿದರು. ಹತ್ತೊಂಬತ್ತೂ ಕಡೆ ನಾನು ಬರೆದಿದ್ದ ಕೆಂಪು "ಸಂಶಯ" ಇನ್ನೂ ಹಾಗೇ ಇತ್ತು. ಪೆನ್ನು ತೆಗೆದು ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ತಾವೇ ಹೊಡೆದುಹಾಕಿ, "ಪ್ರಶ್ನಿ ಅವರದ ಅದ. ಹೆಸರು ಹಾಕು. ಹಾಕೋಕಿಂತ ಮೊದಲ ಪೂರಾ ಓದಿ ಹೇಳಿ ಅವರ ಒಪ್ಪಿಗಿ ತಗೋ" ಎಂದರು.

ನಿಮ್ಮ ಪೂರ್ಣ ಹೆಸರು ಹೇಗೆ ಬರೆಯಬೇಕು ತಿಳಿಸಿ. ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ. ನಾವಿನ್ನೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಶಿವಗಂಗಾ


ರಾಯಚೂರು
18 ನವೆಂಬರ್ 2024

ಅಕ್ಕಾ,

ಶನಿವಾರ ನೀವು ಬಂದು ಹೋದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ನಿಮ್ಮನ್ನು ಎತ್ತರದ ಹೆಂಗಸು ಎಂದುಕೊಂಡಿದ್ದೆ. ಬಸ್ಸಿನಿಂದ ಇಳಿದವರು ನನ್ನ ಭುಜಕ್ಕಿದ್ದಿರಿ. ಊಟದ ಹೊತ್ತಿನವರೆಗೂ ಎಷ್ಟು ನಗಿಸಿದಿರಿ! ಲೇಖನವನ್ನು ಸಾಲು ಸಾಲಾಗಿ ಕೇಳಿ, ಎರಡು ಕಡೆ ತಪ್ಪು ತೋರಿಸಿ, ಆಮೇಲೆ ಸಹಿ ಹಾಕಿದಿರಿ. ಹನುಮೇಶ ಸರ್ ಎದ್ದು ನಿಂತು ನಮಸ್ಕಾರ ಮಾಡಿದಾಗಲೂ ನಗುತ್ತಲೇ ಇದ್ದಿರಿ.

ಆದರೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಾಗ ಎರಡೇ ನಿಮಿಷ ನೋಡಿ ಎದ್ದುಬಿಟ್ಟಿರಿ. ನೀರು ಕೇಳಿದಿರಿ. ನಾಲ್ಕರ ಬಸ್ಸು ತಪ್ಪುತ್ತದೆ ಎಂದಿರಿ. ಆಗ ಇನ್ನೂ ಎರಡೂ ಮುಕ್ಕಾಲು. ಇಷ್ಟು ತಿಂಗಳು ನಾನು ಹೊಗಳಿ ಬರೆದದ್ದು ನಿಮಗೆ ಇಷ್ಟೇನಾ ಅನ್ನಿಸಿತೇ? ನಾನು ಬೇರೆ ಪಕ್ಕದಲ್ಲಿ ನಿಂತು ಬಿಡುವಿಲ್ಲದೆ ವಿವರಿಸುತ್ತಿದ್ದೆ. ಅದರಿಂದ ಬೇಸರವಾಯಿತೇ?

ಶಿವಗಂಗಾ


ದೇವದುರ್ಗ
21 ನವೆಂಬರ್ 2024

ತಂಗಿ,

ಬೇಸರವಲ್ಲ. ನೀನು ಏನು ವಿವರಿಸಿದೆಯೋ ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ನೀನು ತಟ್ಟೆಯ ನಂಬರ್ ಓದಿದೆ. ಅದು ಸೋಮವಾರದ ಬಳ್ಳಿ ಎಂದು ನನಗೆ ತಕ್ಷಣ ಗೊತ್ತಾಯಿತು. ಚೊಚ್ಚಲ ಹೆರಿಗೆ, ತಾಯಿಗೆ ಇಪ್ಪತ್ತು ವರ್ಷ, ನನ್ನ ಕೈ ಬಿಡದೆ ಹಿಡಿದುಕೊಂಡಿದ್ದಳು. ಕೂಸು ಹೊರಗೆ ಬಂದ ಮೇಲೆ ನಾವು ಬಳ್ಳಿಯನ್ನು ಕೂಡಲೇ ಕತ್ತರಿಸುವುದಿಲ್ಲ. ಎರಡು ಬೆರಳ ನಡುವೆ ಹಿಡಿದು ಕಾಯುತ್ತೇವೆ. ಅದು ಬಡಿಯುತ್ತಿರುತ್ತದೆ. ಬಡಿತ ನಿಧಾನವಾಗಿ ನಿಲ್ಲುತ್ತದೆ, ಆಗ ಕತ್ತರಿ ಇಡುತ್ತೇವೆ. ಮೂವತ್ತೊಂದು ವರ್ಷ ಹೀಗೆ ಎಷ್ಟು ಸಾವಿರ ಬಳ್ಳಿ ಹಿಡಿದಿದ್ದೇನೋ. ಬಡಿತ ನಿಂತರೆ ಅದರ ಕೆಲಸ ಮುಗಿಯಿತು, ಇನ್ನು ಅದು ಬರೀ ಮಾಂಸ ಎಂದೇ ತಿಳಿದಿದ್ದೆ.

ಶನಿವಾರ ಕಣ್ಣಿಟ್ಟು ನೋಡಿದರೆ ಕತ್ತಲೆಯಲ್ಲಿ ಒಂದು ಕೋಶ ಬೆಳಗಿತು. ಆರಿತು. ಪಕ್ಕದ್ದು ಬೆಳಗಿತು. ನಾನು ನನ್ನ ಕೈಯಾರೆ ಕತ್ತರಿಸಿ, ಐದು ದಿನದ ಹಿಂದೆ ಬಸ್ಸಿಗೆ ಕೊಟ್ಟ ಬಳ್ಳಿ ಇನ್ನೂ ಉತ್ತರ ಕೊಡುತ್ತಿತ್ತು.

ನಿನ್ನೆದುರಿಗೆ ಅಳಬಾರದು ಎಂದು ನೀರು ಕೇಳಿದೆ.

ದಿಲ್ಶಾದ್